ಲಮಾರ್ ಹೇಳಿದ ಜಾಗ

ನಮ್ಮ ಅಲಬಾಮಾದ ಮೆರಿಟ್ ಊರಿನಲ್ಲಿ ಯಾರನ್ನಾದರೂ ಅವರ ಕಾಯಿಲೆಯ ಬಗ್ಗೆ ಕೇಳಿ, ಸೊಸೆಯ ಜಗಳದ ಬಗ್ಗೆ ಕೇಳಿ, ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಬಾಸ್ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾತ್ರ ಪಾದ್ರಿಯ ಬಾಯಲ್ಲೂ ಸುಳ್ಳೇ ಬರುತ್ತದೆ. ಜಲಾಶಯದ ದೋಣಿಕಟ್ಟೆಯಲ್ಲಿ ಗಾಳದ ಸಾಮಾನು ಮಾರಿಕೊಂಡು ಬಂದವನು ನಾನು, ಹೆಸರು ಹೊಯ್ಟ್. ಆ ಸುಳ್ಳುಗಳನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಇಂಥ ಊರಿನಲ್ಲಿ ಲಮಾರ್ ಟಿಡ್‌ವೆಲ್ ಒಬ್ಬನೇ ನಿಜ ಹೇಳುತ್ತಿದ್ದ. ಅವನು ನಮ್ಮ ಊರಿನ ಕ್ಷೌರಿಕ. ಬಡಕಲು ಆಸಾಮಿ, ಉದ್ದ ಕತ್ತು, ತಲೆಯ ಎರಡೂ ಕಡೆ ಬಾಗಿಲು ತೆರೆದಿಟ್ಟಂಥ ಕಿವಿಗಳು. ಮದುವೆ ಮಾಡಿಕೊಂಡಿರಲಿಲ್ಲ. ಸೋಮವಾರ ಅಂಗಡಿಗೆ ರಜೆ ಹಾಕಿ ಮೀನು ಹಿಡಿಯುತ್ತಿದ್ದ, ಮಿಕ್ಕ ದಿನವೆಲ್ಲ ಕತ್ತರಿ ಆಡಿಸುತ್ತ ಅದನ್ನೇ ವಿವರಿಸುತ್ತಿದ್ದ.

"ಹತ್ತಿ ಗಾಡಿಗಳ ಹಳೇ ರಸ್ತೆ ಜಲಾಶಯದ ನೀರಲ್ಲಿ ಮುಳುಗಿದೆಯಲ್ಲ, ಅದು ಹೊಳೆಗೆ ಇಳಿಯೋ ಕಡೆ ಒಂದು ಮೋರಿ ಇದೆ. ಬಿಸಿಲು ಏರಿದ್ಮೇಲೆ ಮೀನೆಲ್ಲ ಅಲ್ಲೇ ನೆರಳಲ್ಲಿ ನಿಂತಿರ್ತವೆ ಕಣಯ್ಯ. ರಬ್ಬರ್ ಹುಳ ಹಾಕು. ಕೊಕ್ಕೆಯ ಮೊನೆ ಹುಳದ ಮೈಯೊಳಗೇ ಮುಚ್ಚಿರಲಿ, ಆಗ ಮರದ ಬೊಡ್ಡೆಗೆ ಸಿಕ್ಕಲ್ಲ. ತಳ ಮುಟ್ಟೋವರೆಗೂ ಬಿಡು. ಆಮೇಲೆ ಸುಮ್ನಿರು. ಸುಮ್ನಿರೋಕೆ ನಿನ್ನ ಕೈಲಿ ಆಗಲ್ಲ, ಅದೇ ಬಂದಿರೋ ತೊಂದ್ರೆ."

ಕುರ್ಚಿಯಲ್ಲಿ ಕೂತವನು ಕನ್ನಡಿಯೊಳಗಿಂದಲೇ ಬೆಂಚಿನ ಮೇಲಿದ್ದವರಿಗೆ ಕಣ್ಣು ಹೊಡೆಯುತ್ತಿದ್ದ. ಅಷ್ಟು ಮೀನು ಹಿಡಿಯುವವನು ಜಾಗ ಹೇಳಿಬಿಡುತ್ತಾನೆಯೇ? ಕಾರು ರಿಪೇರಿಯ ಡೂಲಿಯಂತೂ ಹೊರಗೆ ಬಂದ ಕೂಡಲೇ ಉಪದೇಶ ಶುರು ಮಾಡುತ್ತಿದ್ದ: "ಲಮಾರ್ ಪೂರ್ವ ಅಂದ್ರೆ ನಾವು ಪಶ್ಚಿಮಕ್ಕೆ ಹೋಗ್ಬೇಕು." ಒಮ್ಮೆ ಪೈನ್ ಮರಗಳ ದಂಡೆ ನೀರಿಗೆ ಮೂಗಿನಂತೆ ಚಾಚಿದೆಯಲ್ಲ, ಅದರಾಚೆ ಆ ಮೋರಿಯ ಮೇಲೆಯೇ ಲಮಾರನ ದೋಣಿ ನಿಂತಿದ್ದನ್ನು ಡೂಲಿ ಕಣ್ಣಾರೆ ಕಂಡ. ಬಂದು ನನಗೆ ಹೇಳಿದ್ದೇನು ಗೊತ್ತೇ? "ಕಿಲಾಡಿ ಕಣೋ ಅವ್ನು! ನಮ್ಮ ದಾರಿ ತಪ್ಸೋಕೆ ಅಂತ ಬಿಸಿಲಲ್ಲಿ ಸುಮ್ನೆ ಅಲ್ಲೇ ಕೂತಿದಾನೆ!"

ಲಮಾರ್ ಇದನ್ನು ನಗುತ್ತಲೇ ಸಹಿಸಿಕೊಂಡ. ಆದರೆ ಒಂದು ಸಂಜೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಹೊಯ್ಟ್, ಇವತ್ತು ಎತ್ತಿದ್ದು ತೊಡೆ ಗಾತ್ರದ ಮೀನು ಮಾರಾಯ. ನೋಡೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಕೊಕ್ಕರೆಗೆ ತೋರ್ಸಿ ನೀರಿಗೆ ಬಿಟ್ಬಂದೆ" ಎಂದ. ಆ ದಿನ ಅವನ ಮುಖದಲ್ಲಿ ನಗು ಇರಲಿಲ್ಲ.

ಹೀಗಿರುವಾಗ ಊರಿಗೆ ಓಪಲ್ ಹ್ಯಾಗುಡ್ ಬಂದಳು. ಶಾಲೆಯ ಊಟದ ಮನೆಗೆ ಅಡುಗೆಯವಳಾಗಿ ಕಡಲ ಕಡೆಯಿಂದ ಬಂದ ವಿಧವೆ. ದಪ್ಪ ತೋಳು, ದೊಡ್ಡ ದನಿ. ಹೆಂಗಸರು ಕೂದಲು ಕತ್ತರಿಸಿಕೊಳ್ಳುವ ಕಡೆ ಬಿಟ್ಟು ನೇರ ಲಮಾರನ ಅಂಗಡಿಗೇ ನುಗ್ಗಿ ಕುರ್ಚಿ ಏರಿದಳು. ಬೆಂಚಿನ ಮೇಲಿದ್ದ ಗಂಡಸರೆಲ್ಲ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು.

"ಅಲ್ಲಿ ಬರೀ ಗಂಡಂದಿರ ಸುದ್ದಿ. ನನಗೆ ಈಗ ಗಂಡ ಇಲ್ಲ, ಆಡೋಕೆ ಮಾತೂ ಇಲ್ಲ" ಎಂದಳು. "ಇಲ್ಲಿ ಮೀನಿನ ಸುದ್ದಿ ಆಡ್ತೀರಂತೆ. ಗಿಡ್ಡ ಮಾಡಿ, ಹಾಗೇ ಮೀನು ಎಲ್ಲಿ ಸಿಗುತ್ತೆ ಹೇಳಿ."

ಲಮಾರ್ ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿದ. ರಸ್ತೆ, ಮೋರಿ, ಹುಳು, ಸುಮ್ಮನಿರುವುದು.

ಶಾಲೆಗೆ ಬೇಸಿಗೆ ರಜೆ ಶುರುವಾಗಿತ್ತು, ಮುಂದಿನ ಸೋಮವಾರ ಬೆಳಿಗ್ಗೆ ಓಪಲ್ ನನ್ನ ಹತ್ತಿರ ಬಾಡಿಗೆ ದೋಣಿ ತೆಗೆದುಕೊಂಡು ಹೋದಳು. ಆಮೇಲೆ ಹೊರಟ ಲಮಾರ್ ಪೈನ್ ಮರಗಳ ಮೂಗನ್ನು ಬಳಸಿ ಬರುತ್ತಾನೆ, ಮೋರಿಯ ಮೇಲೆ ಒಂದು ದೋಣಿ, ದೋಣಿಯಲ್ಲಿ ಒಂದು ದೊಡ್ಡ ಹುಲ್ಲಿನ ಟೋಪಿ! ಅಲ್ಲಿ ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಹೆಚ್ಚು ವ್ಯತ್ಯಾಸವಿಲ್ಲ.

"ಈ ಜಾಗ... ನಿಮಗೆ ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ಲ!"

"ಹೇಳ್ದೆ. ಆದ್ರೆ ಹೇಳಿದ್ರೆ ಯಾರೂ ಬರಲ್ಲ."

"ನಾನು ಬಂದೆ. ಬರಬಾರ್ದಿತ್ತಾ?"

ಲಮಾರ್ ತನ್ನ ದೋಣಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಓಪಲ್ ಕಡಲಲ್ಲಿ ಹಿಡಿದು ಅಭ್ಯಾಸವಿದ್ದವಳು, ಮೀನು ಮುಟ್ಟಿದ ಕೂಡಲೇ ಕೋಲನ್ನು ಜಗ್ಗಿಬಿಡುತ್ತಿದ್ದಳು. ಬರೀ ಕೊಕ್ಕೆ ಮೇಲೆ ಬರುತ್ತಿತ್ತು.

"ಅವಸರ ಬೇಡ ತಾಯಿ. ಟಕ್ ಅಂತಿದೆಯಲ್ಲ, ಅದಿನ್ನೂ ಬಾಯಿಗೆ ತಗೊಂಡು ರುಚಿ ನೋಡ್ತಿದೆ. ಸಡಿಲ ಬಿದ್ದಿರೋ ದಾರ ಸುತ್ಕೊಳ್ಳಿ. ಈಗ ಎತ್ತಿ!"

ಅವಳೂ ಸುಮ್ಮನೆ ಕಲಿತು ಹೋಗುವವಳಲ್ಲ. ದಾರವನ್ನು ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಮೆಲ್ಲಗೆ ಹಿಡಿಯುವ ಕಡಲವರ ಉಪಾಯವನ್ನು ತೋರಿಸಿದಳು. "ಕಣ್ಣು ಮುಚ್ಕೊಳ್ಳಿ. ಈಗ ಕಲ್ಲು ತಾಕ್ತು. ಈಗ ಮೀನು. ಗೊತ್ತಾಯ್ತಾ?" ಲಮಾರ್ ಮಧ್ಯಾಹ್ನದವರೆಗೂ ಕಣ್ಣು ಮುಚ್ಚಿಕೊಂಡೇ ಮೀನು ಹಿಡಿದ. ಬೇಯಿಸಿದ ಶೇಂಗಾ ತಂದಿದ್ದ, ಇಬ್ಬರೂ ತಿಂದು ಸಿಪ್ಪೆಯನ್ನು ನೀರಿಗೆ ತೇಲಿಬಿಟ್ಟರು. ಅಲ್ಲಿಂದ ಮುಂದೆ ಸೋಮವಾರಗಳೆಲ್ಲ ಹಾಗೇ ನಡೆದವು.

ಜೂನ್ ಕೊನೆಯಲ್ಲಿ ಚರ್ಚಿನವರ ಮೀನಿನ ಪಂದ್ಯ. ಗೆದ್ದವರಿಗೆ ಹೊಗೆಯಲ್ಲಿ ಬೇಯಿಸಿದ ಇಡೀ ಹಂದಿತೊಡೆ. ಮಿಕ್ಕವರ ಮೀನೆಲ್ಲ ಅಂಗೈಯುದ್ದ. ಓಪಲ್ ತಂದ ಮೀನನ್ನು ತಕ್ಕಡಿಗೆ ಹಾಕಿದಾಗ ಮುಳ್ಳು ಒಂಬತ್ತು ಪೌಂಡು ದಾಟಿತು. ಜನ ಮುತ್ತಿಕೊಂಡರು. ಎಲ್ಲಿ ಸಿಕ್ಕಿತು, ಎಲ್ಲಿ ಸಿಕ್ಕಿತು?

"ಲಮಾರ್ ಹೇಳ್ತಾರಲ್ಲ, ಆ ಮೋರಿ ಹತ್ರ."

ದೋಣಿಕಟ್ಟೆಯೇ ಅಲುಗಾಡುವಂತೆ ನಕ್ಕರು. "ಇಷ್ಟು ಬೇಗ ಸುಳ್ಳು ಕಲಿತುಬಿಟ್ರಲ್ಲ ಓಪಲಮ್ಮ! ಒಳ್ಳೇ ಗುರು ಸಿಕ್ಕಿದಾನೆ ಬಿಡಿ" ಎಂದ ಡೂಲಿ.

ಓಪಲ್ ನಗಲಿಲ್ಲ. ತಿರುಗಿ ನೋಡಿದಳು. ಗುಂಪಿನ ಹಿಂದೆ ಲಮಾರ್ ಟೋಪಿಯ ಅಂಚನ್ನು ತಿರುಗಿಸುತ್ತ ನೆಲ ನೋಡುತ್ತಿದ್ದ. ಅವಳು ಹಂದಿತೊಡೆಯನ್ನು ದೊಪ್ಪನೆ ಮೇಜಿನ ಮೇಲಿಟ್ಟಳು.

"ಎಲ್ರೂ ದೋಣಿ ಹತ್ತಿ. ಏಯ್ ಡೂಲಿ, ನೀನು ನನ್ನ ದೋಣಿಗೆ. ಪಾದ್ರಿಗಳೇ, ನೀವೂ."

ಶಾಲೆಯ ಊಟದ ಮನೆಯಲ್ಲಿ ನೂರಾರು ಮಕ್ಕಳನ್ನು ಸಾಲು ನಿಲ್ಲಿಸುವ ದನಿ ಅದು. ಎಲ್ಲರೂ ದೋಣಿ ಹತ್ತಿದರು. ಅಂಗಡಿ ಮುಚ್ಚಿ ನಾನೂ ಹೊರಟೆ. ಮೋರಿಯ ಮೇಲೆ ದೋಣಿ ನಿಲ್ಲಿಸಿ ಓಪಲ್ ಡೂಲಿಯ ಕೈಗೆ ಕೋಲು ಕೊಟ್ಟಳು.

"ಬಿಡು. ತಳ ಮುಟ್ಲಿ. ಸುಮ್ನಿರು ಅಂದೆ! ಬಾಯೂ ಸುಮ್ನಿರ್ಲಿ."

ಡೂಲಿಯ ಕೋಲು ಬಿಲ್ಲಿನಂತೆ ಬಾಗಿತು. ಒದ್ದಾಡಿ ಒದ್ದಾಡಿ ಎತ್ತಿದ ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಬಹಳ ಹೊತ್ತು ಅದರ ಮುಖವನ್ನೇ ನೋಡಿದ. ಆಮೇಲೆ ಪಕ್ಕದ ದೋಣಿಯಲ್ಲಿದ್ದ ಲಮಾರನ ಕಡೆ ತಿರುಗಿ, "ಅಲ್ವೋ ಲಮಾರ್... ನಿಜವಾಗ್ಲೂ ನಿಜ ಹೇಳ್ತಿದ್ಯೇನೋ?" ಎಂದ.

"ಹೂಂ ಕಣೋ."

"ಇಷ್ಟು ವರ್ಷಾನೂ?"

"ಇಷ್ಟು ವರ್ಷಾನೂ."

ಮೊದಲು ಪಾದ್ರಿಗಳು ನಕ್ಕರು, ಆಮೇಲೆ ಎಲ್ಲರೂ. ಲಮಾರನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆ ಬೇಸಿಗೆಯಲ್ಲಿ ಮೋರಿಯ ಸುತ್ತ ದೋಣಿಗಳ ಜಾತ್ರೆಯೇ ನೆರೆಯಿತು. ಜಾಗ ಕೈತಪ್ಪಿತೆಂದು ಇನ್ನೊಬ್ಬನಾಗಿದ್ದರೆ ಅಳುತ್ತಿದ್ದ. ಲಮಾರ್ ದೋಣಿಯಿಂದ ದೋಣಿಗೆ ಹೋಗಿ ಒಬ್ಬೊಬ್ಬರ ಹುಳುವನ್ನೂ ಬಿಚ್ಚಿ ಮತ್ತೆ ಪೋಣಿಸಿ ಕೊಡುತ್ತಿದ್ದ. ಆಗಸ್ಟ್ ಮುಗಿಯುವಷ್ಟರಲ್ಲಿ ಮೀನಿಗೂ ಬುದ್ಧಿ ಬಂತು, ಹುಳು ಕಂಡರೆ ದೂರ ಸರಿದವು. ಆದರೆ ಅಷ್ಟು ಹೊತ್ತಿಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಬೇರೆಯವರೂ ಬಾಯಿ ಬಿಡತೊಡಗಿದ್ದರು. ಪಾದ್ರಿಗಳು ರೈಲು ಸೇತುವೆಯ ಕೆಳಗಿನ ತಮ್ಮ ಜಾಗ ಹೇಳಿದರು. ಡೂಲಿ ಅರ್ಧ ಹೇಳಿದ. ಅವನ ಪಾಲಿಗೆ ಅದೇ ದೊಡ್ಡದು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಹೊರಬರುವಾಗ ಡೂಲಿ ಕೇಳಿದ: "ಲಮಾರಣ್ಣ, ಇವತ್ತು ಎಲ್ಲಿಗೆ? ನಾವೂ ಬರ್ತೀವಿ."

"ಗಿ... ಗಿರಣಿ ಹಳ್ಳದ ಕಡೆ" ಎಂದ ಲಮಾರ್. ಅವನ ಕಿವಿಗಳು ಟೊಮೆಟೊ ಹಣ್ಣಾದವು.

ಗಿರಣಿ ಹಳ್ಳ ಆ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿತ್ತು. ಚರ್ಚಿನ ಮೆಟ್ಟಿಲಾಚೆ ಓಪಲ್ ಪೀಚ್ ಹಣ್ಣಿನ ಕಡುಬಿನ ಬುಟ್ಟಿ ಹಿಡಿದು ಆಕಾಶ ನೋಡುತ್ತ ನಿಂತಿದ್ದಳು. ಡೂಲಿ ನನ್ನ ಮುಖ ನೋಡಿದ, ನಾನು ಪಾದ್ರಿಗಳ ಮುಖ ನೋಡಿದೆ. "ಸರಿ, ಎಲ್ರೂ ಗಿರಣಿ ಹಳ್ಳಕ್ಕೇ ನಡೀರಿ!" ಎಂದು ಡೂಲಿ ಕೂಗಿ ಹೇಳಿದ. ಜಲಾಶಯದ ಕಡೆ ಒಬ್ಬರೂ ಸುಳಿಯದಂತೆ ಎಲ್ಲರನ್ನೂ ಕರೆದುಕೊಂಡು ಹೋದ. ಒಣಗಿದ ಹಳ್ಳದ ದಂಡೆಯಲ್ಲಿ ಕುರ್ಚಿ ಹಾಕಿ ಸಂಜೆಯವರೆಗೂ ಕೂತೆವು.

ನಾನು ಅಂಗಡಿಗೆ ಮರಳಿದ ಮೇಲೆ, ಕತ್ತಲಾಗುವ ಮುಂಚೆ, ಲಮಾರ್ ಓಪಲ್ ಇಬ್ಬರೂ ದೋಣಿಕಟ್ಟೆಗೆ ಬಂದರು. ಮೀನು ಒಂದೂ ಇರಲಿಲ್ಲ. "ಕೇಳ್ದೆ, ಒಪ್ಕೊಂಡ್ರು" ಎಂದಷ್ಟೇ ಹೇಳಿ ಲಮಾರ್ ನನ್ನ ಕೈಯನ್ನು ಬಿಡದೆ ಕುಲುಕಿದ.

ನವೆಂಬರಿನಲ್ಲಿ ಮದುವೆಯಾಯಿತು. ಆಗಲೇ ಎಷ್ಟೋ ವರ್ಷವಾಯಿತು, ಓಪಲ್ ಶಾಲೆಯ ಕೆಲಸ ಬಿಟ್ಟ ಮೇಲಂತೂ ಒಂದು ಸೋಮವಾರವನ್ನೂ ತಪ್ಪಿಸುವುದಿಲ್ಲ. ಆದರೆ ಒಂದೇ ದೋಣಿಯಲ್ಲಿ ಹೋಗುವುದು ಸುಲಭವಲ್ಲ. ದೋಣಿಯ ಮುಂದೆ ಕೂತವರಿಗೆ ಗಾಳದ ಮೊದಲ ಎಸೆತ ಸಿಗುತ್ತದಲ್ಲ, ಅದೇ ಜಗಳ. ಮೊನ್ನೆ ನನ್ನ ಕಟ್ಟೆಯ ಮೇಲೂ ಅದೇ ನಡೆದಿತ್ತು.

"ಹೋದ್ ವಾರ ನೀನೇ ಮುಂದಿದ್ದೆ ಕಣೇ!"

"ಹೋದ್ ವಾರ ಮಳೆ, ಲೆಕ್ಕಕ್ಕಿಲ್ಲ. ಹೊಯ್ಟ್, ನೀನೇ ಹೇಳಪ್ಪ."

ನಾನು ಇಂಥದ್ದಕ್ಕೆ ತಲೆ ಹಾಕುವವನಲ್ಲ. ಎರಡು ದೋಣಿ ಬಿಚ್ಚಿಕೊಟ್ಟೆ. ಇಬ್ಬರೂ ಅಕ್ಕಪಕ್ಕದಲ್ಲಿ ಹುಟ್ಟು ಹಾಕುತ್ತ, ವಾದಿಸುತ್ತಲೇ ಹೊರಟರು.