ಎರಡು ಗುಂಡಿ ತೋಡುವ ಭಾನುಮತಿ

ಬೆಳಗಿನ ಐದೂವರೆ. ಜಪಾನಿನ ನೀಗಾತಾದ ಬೆಟ್ಟವೊಂದರ ನೆರಳಿನ ಮಗ್ಗುಲಲ್ಲಿ ಭಾನುಮತಿ ಸೊಂಟದಾಳದ ಗುಂಡಿ ತೋಡಿ ಮಂಡಿಯೂರಿದ್ದಾರೆ. ನಿನ್ನೆಯಿಡೀ ಸುರಿದ ಮಾರ್ಚ್ ತಿಂಗಳ ಹಿಮ ಮೊಣಕಾಲು ಮುಚ್ಚುವಷ್ಟಿದೆ. ಗುಂಡಿಯ ಗೋಡೆಯಲ್ಲಿ ಹಿಮದ ಕಂಬವೊಂದನ್ನು ಕೊಯ್ದು, ಅದರ ಮೇಲೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟುತ್ತಾರೆ. ಹನ್ನೆರಡನೆಯ ಏಟಿಗೆ ಹೊಸ ಹಿಮ ಜಾರಿ ಅವರ ಮಡಿಲಿಗೆ ಬೀಳುತ್ತದೆ.

"ನೋಡಿದ್ರಾ? ಕೆಳಗಿನ ಹಳೇ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಥರ ಆಗಿದೆ. ಹೊಸದು ಅದನ್ನ ಹಿಡ್ಕೊಂಡಿಲ್ಲ. ಎಷ್ಟು ಕಡಿಮೆ ಏಟಿಗೆ ಜಾರುತ್ತೋ ಅಷ್ಟು ಅಪಾಯ."

ಅವರ ಜೊತೆ ಹತ್ತಿ ಬಂದ ನನಗೋ ಚಳಿಗೆ ಹಲ್ಲು ಕಟಕಟ. ಸಾಕಲ್ಲ, ಇಳಿಯೋಣ ಎಂದರೆ ಅವರು ಸಲಿಕೆ ಹೆಗಲಿಗೇರಿಸಿ ಬಿಸಿಲಿನ ಮಗ್ಗುಲಿಗೆ ಹೊರಡುತ್ತಾರೆ.

ದಾವಣಗೆರೆಯ ಭಾನುಮತಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹಿಮದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾರೆ. ಇಪ್ಪತ್ತಾರು ವರ್ಷದವರೆಗೆ ಅವರು ಕಂಡ ಹಿಮವೆಲ್ಲ ಫ್ರಿಜ್ಜಿನೊಳಗಿನದು. ಈಗ ನಾಲ್ಕು ಚಳಿಗಾಲಗಳಿಂದ, ಸಂಬಳವಿಲ್ಲದೆ, ಬೆಟ್ಟದ ಬುಡದ ಹಲಗೆಯ ಮೇಲೆ ಅಂದಂದಿನ ಹಿಮದ ಸ್ಥಿತಿ ಬರೆಯುತ್ತಾರೆ. ಹಲಗೆಯ ಕೆಳಗೊಂದು ಡಬ್ಬಿ. ಹತ್ತುವವರು ಹೆಸರು, ದಾರಿ, ಮರಳುವ ಹೊತ್ತು ಬರೆದ ಚೀಟಿ ಹಾಕಿ ಹೋಗಬೇಕು, ಇಳಿದ ಮೇಲೆ ವಾಪಸ್ ತೆಗೆದುಕೊಳ್ಳಬೇಕು.

ಕಳೆದ ವಸಂತದಲ್ಲಿ ಒಂದು ಚೀಟಿ ಡಬ್ಬಿಯಲ್ಲೇ ಉಳಿಯಿತು. ಅಂದು ಭಾನುಮತಿ ನೆರಳಿನ ಮಗ್ಗುಲಲ್ಲಿ ಒಂದೇ ಗುಂಡಿ ತೋಡಿ 'ಹೋಗಬಹುದು' ಎಂದು ಬರೆದಿದ್ದರು. ಹಿಮ ಕುಸಿದದ್ದು ಬಿಸಿಲಿನ ಮಗ್ಗುಲಲ್ಲಿ. ನಿವೃತ್ತ ಮೇಷ್ಟರು ಹೋಷಿನೋ ಸಾನ್ ತೀರಿಕೊಂಡರು.

"ಬೆನ್ನು ನೋಯ್ತಿತ್ತು, ಎರಡನೇದು ತೋಡ್ಲಿಲ್ಲ. ಯಾರೂ ಬೈಲಿಲ್ಲ ಕಣ್ರೀ. ಅವರ ಹೆಂಡತಿ ನನಗೇ ತಲೆಬಾಗಿಸಿ ಸುಮಿಮಾಸೆನ್, ಕ್ಷಮಿಸಿ ಅಂದ್ರು, ನಿಮಗೆಲ್ಲ ತೊಂದ್ರೆ ಕೊಟ್ವಿ ಅಂತ." ಹೇಳುತ್ತಲೇ ಎರಡನೇ ಗುಂಡಿಗೆ ಸಲಿಕೆ ಹಾಕುತ್ತಾರೆ.

ಬಿಸಿಲಿನ ಮಗ್ಗುಲಲ್ಲಿ ಎರಡೇ ಏಟಿಗೆ ಕಂಬ ಜಾರುತ್ತದೆ. ಕೆಳಗಿಳಿದು ಹಲಗೆಯ ಮೇಲೆ 'ಹೋಗಬೇಡಿ' ಎಂದು ಬರೆಯುವಷ್ಟರಲ್ಲಿ ಯೋಕೋಹಾಮಾದಿಂದ ನಾಲ್ವರು ಬೆಂಗಳೂರಿನ ಎಂಜಿನಿಯರುಗಳು ಬಂದಿಳಿಯುತ್ತಾರೆ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳು ಕೆಡುತ್ತವೆಂಬ ವೈಟುಕೆ ಗಲಾಟೆ ಮುಗಿದು ಅವರಿಗೆ ಸಿಕ್ಕ ಮೊದಲ ರಜೆ. ಚೀಟಿಯನ್ನೂ ಡಬ್ಬಿಗೆ ಹಾಕಿಬಿಡುತ್ತಾರೆ.

"ಮೇಡಂ, ವೆದರ್ ಸೂಪರಾಗಿದೆ! ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡ್ ಬಂದಿದೀವಿ," ಎಂದು ವಿವೇಕ್ ಎಂಬಾತ ಮೊಬೈಲಿನಲ್ಲಿ ಸೂರ್ಯನ ಚಿತ್ರ ತೋರಿಸುತ್ತಾನೆ.

"ವೆದರ್ ಚೆನ್ನಾಗಿದೆ, ಹಿಮ ಚೆನ್ನಾಗಿಲ್ಲ." ಭಾನುಮತಿ ಡಬ್ಬಿ ತೆರೆದು ಚೀಟಿಯನ್ನು ಅವನ ಕೈಗೇ ಕೊಡುತ್ತಾರೆ. ಟ್ರಿಪ್ ಹಾಳಾಯ್ತು ಎಂದು ಗೊಣಗುತ್ತ ನಾಲ್ವರೂ ಕಾರು ಹತ್ತುತ್ತಾರೆ.

ಹತ್ತೂವರೆಗೆ ಬೆಟ್ಟದ ಬಿಸಿಲಿನ ಮಗ್ಗುಲಿನಿಂದ ಗುಡುಗಿನಂಥ ಸದ್ದು. ಬಿಳಿ ಪುಡಿ ಏಳುತ್ತದೆ. ಭಾನುಮತಿ ಡಬ್ಬಿಯೊಳಗೆ ಕೈಹಾಕಿ, ಮೂಲೆ ಮೂಲೆ ತಡಕಿ, ಖಾಲಿ ಕೈ ಹೊರತೆಗೆಯುತ್ತಾರೆ. ಆ ಹುಡುಗರಿಗೆ ಇದು ಗೊತ್ತೇ ಆಗುವುದಿಲ್ಲವಲ್ಲ ಎನ್ನುತ್ತೇನೆ.

"ಬೇಡ ಬಿಡಿ. ನನ್ನ ಬೈಕೊಂಡೇ ಮನೆ ಸೇರ್ಲಿ. ಸೇರಿದ್ರೆ ಸಾಕು."