ಕಪಾಟಿನ ಒಳಮೈ

ಅಡುಗೆಮನೆಯ ಕಪಾಟಿಗಾಗಿ ಅಕ್ಕಲಕೋಟದ ಬಡಿಗನೊಬ್ಬನನ್ನು ಹಿಡಿದಿದ್ದೆ. ಸಾಗವಾನಿ ಹಲಗೆ ಆರಿಸಲು ಅವನು ನನ್ನನ್ನು ಸೊಲ್ಲಾಪುರದ ಕಟ್ಟಿಗೆ ವಖಾರಿಗೆ ಮೂರು ಸಲ ಎಳೆದೊಯ್ದ. ಹಲಗೆಗೆ ನೀರು ಚಿಮುಕಿಸಿ, ಹೆಬ್ಬೆರಳಿನಿಂದ ಸವರಿ, ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಸುತ್ತು ಹಾಕುತ್ತ, "ತಡೀರಿ ಸಾಹೇಬ್ರ, ಕಟ್ಟಿಗಿ ಎಳಿ ನೋಡೂಣು" ಎನ್ನುತ್ತಿದ್ದ. ಬಸ್ಸು ತಪ್ಪಿದರೂ ಅದೇ ಮಾತು.

ಕಪಾಟು ಬಂದ ವಾರದಲ್ಲೇ ದೀಪಾವಳಿ. ಹಬ್ಬಕ್ಕೆ ಮನೆಯ ಬಾಗಿಲುಗಳ ಜೊತೆ ಅದರ ಹೊರಮೈಗೂ ನನ್ನ ಹೆಂಡತಿ ಗಿಣಿಹಸಿರು ಬಣ್ಣ ಹೊಡೆಸಿಬಿಟ್ಟಳು. ಅವನು ಚಿಲಕ ಕೂರಿಸಲು ಬಂದಾಗ ನಾನು ಹೆದರಿ ಹೊರಗೆ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ, ಕಪಾಟಿನ ಬಾಗಿಲು ತೆರೆದು ಒಳಮೈಯ ಎಳೆಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

ನನ್ನ ಹೆಂಡತಿಗೆ ಹೇಳಿದ: "ನೀವು ಬಣ್ಣ ಹಚ್ಚೋರಂತ ಮೊದಲ ಗೊತ್ತಿತ್ರಿ ಅಕ್ಕಾರ. ಅದಕ್ಕ ಚಂದ ಇದ್ದ ಎಳಿ ಒಳಗಿನ ಬಾಜೂಕ ಇಟ್ಟೀನಿ."