ಫಕ್ಕೀರಪ್ಪ ಕೇಳಿದ ತಿದ್ದುಪಡಿ

ಫಕ್ಕೀರಪ್ಪನವರ ಮೇಜಿನ ಮೇಲೆ ಸದಾ ಒಂದು ಇಡ್ಲಿ ತಟ್ಟೆ ಇರುತ್ತಿತ್ತು. ಬಿಚ್ಚಿದ ಯಂತ್ರದ ಸ್ಕ್ರೂಗಳು ಅದರ ಕುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಕೂತಿರುತ್ತಿದ್ದವು. ಒಂದೇ ಒಂದನ್ನು ತೆಗೆಯುವುದಿದ್ದರೂ ಅವರು ಮೊದಲು ಎಲ್ಲ ಕುಳಿಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಾನೊಮ್ಮೆ ಚಹಾದ ಲೋಟ ಇಡಲು ಆ ತಟ್ಟೆಯನ್ನು ಸರಿಸಹೋದಾಗ ಕೈ ಹಿಡಿದರು.

"ಒಂದ ಸರಿಸಿದೆ ಅಂತೀರಿ. ಬಾಜೂದ್ದು ಎಲ್ಲಿ ಹೋತು ಅಂತ ನಿಮಗ ಗೊತ್ತ ಆಗಂಗಿಲ್ಲರಿ."

ಈ ಅಭ್ಯಾಸ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಅದು ಯಾವಾಗ ಶುರುವಾಯಿತು ಎಂಬುದು ನನಗೆ ಗೊತ್ತು. ಅದಕ್ಕೆ ಕಾರಣವಾದ ಘಟನೆಯಲ್ಲಿ ನನ್ನದೂ ಒಂದು ತಪ್ಪಿದೆ.

ಶಿಗ್ಗಾವಿಯಲ್ಲಿ ಅವರದು ಒಂದೇ ಕೋಣೆಯ ರಿಪೇರಿ ಅಂಗಡಿ. ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿಗೆ ಜೋಡಿಸುವುದು ಅವರ ಹೆಚ್ಚುಗಾರಿಕೆ. ಯಂತ್ರ ಗಟ್ಟಿಯಾಗಿರುತ್ತದೆ, ಕಂಪ್ಯೂಟರ್ ಸಾಯುತ್ತದೆ, ಹೊಸದು ತಂದರೆ ಅದಕ್ಕೆ ಹಳೆಯ ಯಂತ್ರದ ಗುರುತೇ ಇರುವುದಿಲ್ಲ. ಎರಡರ ನಡುವೆ ಮಾತು ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ತಯಾರಿಸಿದ ಕಂಪನಿ ಮುಚ್ಚಿಹೋಗಿದ್ದರೆ ಆ ಡ್ರೈವರನ್ನು ಬರೆದುಕೊಡುವವರು ನಮ್ಮ ಕಡೆ ಫಕ್ಕೀರಪ್ಪ ಒಬ್ಬರೇ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಜನ ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅವರು ಸವಣೂರಿನ ವೀಳ್ಯದೆಲೆ ಮಡಚಿ ದವಡೆಗಿಟ್ಟುಕೊಂಡು, ಕಾರ್ಡನ್ನು ಬೆಳಕಿಗೆ ಹಿಡಿದು, "ಇದು ಏನ್ ಅಂತತಿ ಕೇಳೂಣು" ಎನ್ನುತ್ತಿದ್ದರು.

ತಿಳವಳ್ಳಿ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಗೂ ಅವರು ಹೀಗೆ ಡ್ರೈವರ್ ಬರೆದುಕೊಟ್ಟಿದ್ದರು. ಹಾಲಿನ ಗುಣ ನೋಡುವ ಯಂತ್ರ ಹಳೆಯದು, ಕಂಪ್ಯೂಟರ್ ಹೊಸದು. ಎರಡು ತಿಂಗಳು ಎಲ್ಲ ಸರಿ ಇತ್ತು. ಆಮೇಲೆ ಒಂದು ದಿನ ಡೇರಿಯ ಕಾರ್ಯದರ್ಶಿ, ಪತ್ರಿಕೆಗೆ ಸುದ್ದಿ ಬರೆಯುವ ನನಗೆ ಫೋನ್ ಮಾಡಿದರು. ಎಮ್ಮೆ, ಆಕಳು ಎರಡನ್ನೂ ಸಾಕಿದ ಹೆಂಗಸೊಬ್ಬಳ ಆಕಳ ಹಾಲಿನಲ್ಲಿ ಎಂಟು ದಿನದಿಂದ ನೀರು ತೋರಿಸುತ್ತಿದೆ, ಪಂಚರ ಮುಂದೆ ಹಾಲು ತಿರುಗಿಸಿ ಕಳಿಸಿದ್ದೇವೆ ಎಂದರು. ಯಂತ್ರದ ಚೀಟಿಗಳ ಫೋಟೊ ಕಳಿಸಿದರು. ಹೇಳಿಕೆ ಇತ್ತು, ದಾಖಲೆ ಇತ್ತು. ಪುಟ ಮುಗಿಸುವ ಹೊತ್ತಾಗಿತ್ತು. ನಾನು ಆರು ಸಾಲು ಬರೆದೆ. ಹೆಸರು ಹಾಕಲಿಲ್ಲ, 'ಎಮ್ಮೆ ಮತ್ತು ಆಕಳು ಎರಡರ ಹಾಲನ್ನೂ ಹಾಕುವ ಮಹಿಳೆ' ಎಂದೆ. ಆ ಊರಿನಲ್ಲಿ ಅಂಥವಳು ನೀಲವ್ವ ಒಬ್ಬಳೇ ಎಂಬುದು ನನಗೆ ಗೊತ್ತಿರಲಿಲ್ಲ. ಅವಳನ್ನೇ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು.

ಸುದ್ದಿ ಬಂದ ಬೆಳಿಗ್ಗೆ ಫಕ್ಕೀರಪ್ಪ ಫೋನ್ ಮಾಡಿದರು. "ಪೇಪರ್ ನೋಡಿದೆ. ನೀವು ಡೇರಿಗೆ ಬರ್ರಿ. ನನಗ ಡೌಟ್ ಬರಾಕತ್ತೇತಿ."

ಮಾರನೆಯ ದಿನ ಹಾಲಿನ ಹೊತ್ತಿಗೆ ಇಬ್ಬರೂ ಅಲ್ಲಿದ್ದೆವು. ಆ ಡೇರಿಯ ಕ್ರಮ ಹೀಗಿತ್ತು: ಮೊದಲು ಎಮ್ಮೆ ಹಾಲಿನವರ ಸರದಿ, ನಂತರ ಯಂತ್ರ ತೊಳೆದು ಹೊಸದಾಗಿ ಹೊಂದಿಸುವುದು, ಆಮೇಲೆ ಆಕಳ ಹಾಲಿನವರ ಸರದಿ. ನೀಲವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು; ಎರಡು ಸರದಿಗೆ ಕಾಯಲು ಅವಳಿಗೆ ಪುರಸೊತ್ತಿಲ್ಲ. ಎಮ್ಮೆ ಸರದಿಯ ಕೊನೆಗೆ ನಿಂತು, ಯಂತ್ರ ತೊಳೆಯುವ ಮೊದಲೇ ಆಕಳ ಹಾಲನ್ನೂ ಕೊಟ್ಟು ಹೋಗುವುದಕ್ಕೆ ಹತ್ತು ದಿನದ ಹಿಂದಷ್ಟೇ ಊರವರು ಒಪ್ಪಿದ್ದರು.

ಫಕ್ಕೀರಪ್ಪ ಕಾರ್ಯದರ್ಶಿಯ ಮನೆಯಿಂದಲೇ ಆಕಳ ಹಾಲು ತರಿಸಿದರು. ಎಮ್ಮೆ ಸರದಿಯ ಕೊನೆಗೆ, ಯಂತ್ರ ತೊಳೆಯದೆ, ಅದನ್ನು ಹಾಕಿಸಿದರು. ಚೀಟಿ ಬಂತು: ನೀರು ಬೆರೆತಿದೆ.

ಸರದಿಯಲ್ಲಿದ್ದ ಮುದುಕರೊಬ್ಬರು, "ಏನ್ರಿ ಸೆಕ್ರೇಟರಿ ಸಾಹೇಬ್ರ, ನಳ ನಿಮ್ಮ ಮನ್ಯಾಗೂ ಬರ್ತೈತೇನ?" ಎಂದರು. ಎಲ್ಲರೂ ನಕ್ಕರು. ಫಕ್ಕೀರಪ್ಪ ನಗಲಿಲ್ಲ. ಖಾಲಿ ಕ್ಯಾನಿನ ಮೇಲೆ ಕೂತು ಯಂತ್ರದ ಹಳೆಯ ಪುಸ್ತಕದ ಹಾಳೆ ತಿರುವತೊಡಗಿದರು.

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಯಂತ್ರದ ಕಾರ್ಡಿನಲ್ಲಿ ಅಕ್ಕಪಕ್ಕ ಎರಡು ಖಾನೆಗಳಿವೆ. ಒಂದರಲ್ಲಿ ಎಮ್ಮೆಯೋ ಆಕಳೋ ಎಂಬ ಗುರುತು, ಇನ್ನೊಂದರಲ್ಲಿ ಅಳತೆ ಸರಿಪಡಿಸುವ ಅಂಕಿ. ಕಂಪ್ಯೂಟರಿನಿಂದ ಕಾರ್ಡಿಗೆ ಹೋಗುವ ತಂತಿದಾರಿ ಎರಡು ಖಾನೆಯನ್ನೂ ಒಟ್ಟಿಗೇ ಒಯ್ಯುತ್ತದೆ, ಒಂದನ್ನೇ ಒಯ್ಯಲು ಅದಕ್ಕೆ ಬರುವುದಿಲ್ಲ. ಫಕ್ಕೀರಪ್ಪನವರ ಡ್ರೈವರ್ ಎಮ್ಮೆಯಿಂದ ಆಕಳಿಗೆ ಬದಲಿಸುವಾಗ ಗುರುತಿನ ಖಾನೆಯನ್ನು ಮಾತ್ರ ತುಂಬಿ ಕಳಿಸುತ್ತಿತ್ತು. ಆಗ ಪಕ್ಕದ ಖಾನೆ ಖಾಲಿಯಾಗಿಯೇ ಹೋಗಿ, ಕಾರ್ಡಿನಲ್ಲಿದ್ದ ಅಂಕಿ ಅಳಿಸಿ ಸೊನ್ನೆಯಾಗುತ್ತಿತ್ತು. ಯಂತ್ರ ತೊಳೆದು ಹೊಂದಿಸಿದಾಗ ಎರಡೂ ಮತ್ತೆ ತುಂಬುತ್ತಿದ್ದುದರಿಂದ ಉಳಿದವರ ಹಾಲಿಗೆ ಏನೂ ಆಗುತ್ತಿರಲಿಲ್ಲ. ನಡುವೆ ಸಿಕ್ಕಿಬಿದ್ದವಳು ನೀಲವ್ವ ಒಬ್ಬಳು.

"ಮೊದಲ ಎರಡೂ ಖಾನೆ ಓದಿ, ಒಂದ ಬದಲ ಮಾಡಿ, ಎರಡೂ ತಿರುಗಿ ಬರೀಬೇಕಿತ್ತರಿ. ಹಳೆ ಪುಸ್ತಕದಾಗ ಬರದಿದ್ರು. ನಾ ಆ ಪಾನಾ ಓದಲಿಲ್ಲ" ಎಂದರು.

ಅಲ್ಲಿಂದ ನೇರ ನೀಲವ್ವನ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ತಪ್ಪು ನಂದವ್ವ. ನಿನ್ನ ಹಾಲು ಚಲೋ ಇತ್ತು."

"ಅದು ನನಗ ಗೊತ್ತಿತ್ತರಿ" ಎಂದಳು ನೀಲವ್ವ. "ಡೇರಿ ಗೂಟದಾಗ ಹಾಲಿನ ನೀರು ನೋಡೂ ಗಾಜಿನ ಕೊಳವಿ ತೂಗ ಹಾಕ್ಯಾರ. ಅದನ್ನ ಹಾಲಾಗ ಬಿಟ್ಟ ನೋಡ್ರಿ ಅಂತ ಎಂಟು ದಿನ ಬಡಕೊಂಡೆ. ಯಾರೂ ಇಳಿಸಲಿಲ್ಲ. ನೀವು ನನ್ನ ಮನಿಗೆ ಬಂದು ಹೇಳಿದ್ರಿ, ನಿಮ್ಮ ದೊಡ್ಡತನ. ಪೇಪರು ನಾಕ ತಾಲೂಕಿಗೆ ಹೇಳೇತಲ್ರಿ?"

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಲೆಂದು ನಾನು ಬಾಯಿ ಬಿಡಲೂ ಇಲ್ಲ.

ದಾರಿಯಲ್ಲಿ ಫಕ್ಕೀರಪ್ಪ ಒಂದೇ ಮಾತು ಕೇಳಿದರು. ತಿದ್ದುಪಡಿ ಹಾಕಬೇಕು, ತಪ್ಪು ಮಾಡಿದವನ ಹೆಸರು ಹಾಕಬೇಕು. ನಾನು ಆಗಲಿ ಎಂದೆ. ಅಚ್ಚಾದದ್ದು ಒಳಪುಟದ ಮೂಲೆಯಲ್ಲಿ ಎರಡು ಸಾಲು: 'ತಾಂತ್ರಿಕ ದೋಷದಿಂದ ತಪ್ಪು ಮಾಹಿತಿ ಪ್ರಕಟವಾಗಿತ್ತು. ವಿಷಾದಿಸುತ್ತೇವೆ.' ಇದು ನಮ್ಮಲ್ಲಿ ಹಾಕುವ ವಾಡಿಕೆಯ ಒಕ್ಕಣೆ. ಯಾವ ಸುದ್ದಿಯ ಬಗ್ಗೆ ಎಂದು ಓದಿದವರಿಗೆ ತಿಳಿಯುವಂತಿರಲಿಲ್ಲ.

ಅವರು ಆ ಪುಟವನ್ನು ಹಿಡಿದು ನಮ್ಮ ಹಾನಗಲ್ ಕಚೇರಿಗೇ ಬಂದರು. "ತಾಂತ್ರಿಕ ದೋಷ ಅಂದ್ರ ಯಾರದೂ ಅಲ್ಲ ಅಂದಂಗ ಆತಲ್ರಿ. ಯಂತ್ರದ್ದೇನೂ ತಪ್ಪಿಲ್ಲ. ಅದು ಮೊದಲ ಹೇಳಿತ್ತು, ನನ್ನ ಕಡೆ ಎರಡೂ ಒಮ್ಮೆ ಕಳಸು ಅಂತ. ಫಕ್ಕೀರಪ್ಪನ ತಪ್ಪು ಅಂತ ಬರೀರಿ. ನೀವು ಅಕಿನ್ನ ಕೇಳಲಿಲ್ಲ, ಅದನ್ನೂ ಬರೀರಿ."

ಜಾಗ ಸಿಕ್ಕಾಗ ವಿವರವಾಗಿ ಬರೆಯುತ್ತೇನೆ ಎಂದೆ. ಜಾಗ ಹಲವು ಸಲ ಸಿಕ್ಕಿತು. ಬರೆಯಲಿಲ್ಲ.

ಡ್ರೈವರನ್ನು ಅವರು ಅದೇ ವಾರ ಸರಿ ಮಾಡಿದರು. ನೀಲವ್ವ ಮಾತ್ರ ಮತ್ತೆ ಡೇರಿಯ ಮೆಟ್ಟಿಲು ಹತ್ತಲಿಲ್ಲ. ಆಕಳನ್ನು ತವರಿಗೆ ಕಳಿಸಿ, ಎಮ್ಮೆ ಹಾಲು ಹೆಪ್ಪು ಹಾಕಿ ಮೊಸರು ಮಾರುತ್ತಾಳೆಂದು ಕೇಳಿದೆ.

ನಾನು ಫಕ್ಕೀರಪ್ಪನವರನ್ನು ಕೊನೆಯ ಸಲ ನೋಡಿದ್ದು ಸವಣೂರಿನ ಎಲೆ ಅಂಗಡಿಯ ಮುಂದೆ. ತುಂಬ ಇಳಿದುಹೋಗಿದ್ದರು. ಕಟ್ಟಿನ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದರು.

"ಬರದ್ರೇನ್ರಿ?"

"ಬರೀತೇನ್ರಿ."

"ನಾ ಅವಸರ ಮಾಡಂಗಿಲ್ಲ ಬಿಡ್ರಿ. ಅವಸರದಾಗ ಬರದದ್ದು ನಮ್ಮಿಬ್ಬರದೂ ಆಗೇತಿ."

ಮಳೆಗಾಲಕ್ಕೆ ಮೊದಲೇ ಅವರು ಹೋದರು. ದಿನಕರ್ಮ ಮುಗಿದ ಮೇಲೆ ಅಂಗಡಿಗೆ ಹೋಗಿದ್ದೆ. ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವ ಅವರ ಮಗಳು ಸುಮಂಗಲಾ ಕಂಪ್ಯೂಟರ್ ತೆರೆದು ಆ ಡೇರಿಯ ಡ್ರೈವರ್ ತೋರಿಸಿದರು. ಪ್ರೋಗ್ರಾಮಿನ ಸಾಲುಗಳ ಮೇಲೆ, ಮುಂದೆ ಅದನ್ನು ತೆರೆಯುವವರು ಓದಲೆಂದು, ಫಕ್ಕೀರಪ್ಪ ಕನ್ನಡದಲ್ಲಿ ಬರೆದಿಟ್ಟಿದ್ದರು. ಯಂತ್ರ ಆ ಸಾಲುಗಳನ್ನು ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ.

'ಇಲ್ಲಿ ಒಂದೇ ಖಾನೆಗೆ ಬರೆಯಬಾರದು. ನಾನು ಬರೆದೆ. ಅದರಿಂದ ನೀಲವ್ವ ಎಂಬ ತಾಯಿಗೆ ಸುಳ್ಳು ಅಪವಾದ ಬಂತು. ಅವಳ ಹಾಲು ಶುದ್ಧವಿತ್ತು. ತಪ್ಪು ನನ್ನದು. — ಫಕ್ಕೀರಪ್ಪ, ಶಿಗ್ಗಾವಿ.'

ಅದರ ಕೆಳಗೆ ಇನ್ನೊಂದು ಸಾಲಿತ್ತು.

'ಪೇಪರಿನವರ ತಪ್ಪು ಇಲ್ಲಿ ಬರೆದಿಲ್ಲ. ಅದನ್ನು ಅವರು ಬರೆಯುತ್ತೇನೆ ಎಂದಿದ್ದಾರೆ.'